ಮಡಚು ಚಾಕು ಕೈಕೊಟ್ಟಾಗ: ಸಡಿಲ ಎಲ್ಲಿ, ಬಿಗಿ ಎಲ್ಲಿ ಅಂತ ಹುಡುಕುವ ಬಗೆ

ಎರಡು ಬೇಸಿಗೆಯ ಹಿಂದೆ ತೋಟದಲ್ಲಿ ಹನಿ ನೀರಾವರಿ ಪೈಪಿಗೆ ತೂತು ಹಾಕುತ್ತಿದ್ದೆ. ತೂತು ಹಾಕುವ ಪಂಚ್ ಮನೆಯಲ್ಲಿತ್ತು. ಬಿಸಿಲಲ್ಲಿ ಮನೆತನಕ ಹೋಗಿ ಬರುವುದಕ್ಕೆ ಸೋಮಾರಿತನ. ಜೇಬಿನಲ್ಲಿ ಸಣ್ಣ ಮಡಚು ಚಾಕು ಇತ್ತಲ್ಲ, ಅದರ ಮೊನೆಯನ್ನೇ ಪೈಪಿಗೆ ಊರಿ ಒತ್ತಿದೆ. ಮೊನೆ ಒಳಗೆ ಇಳಿಯಲಿಲ್ಲ, ಪಕ್ಕಕ್ಕೆ ಜಾರಿತು. ಅಲಗು ಹಿಂದಕ್ಕೆ ಮಡಚಿಕೊಂಡು ತೋರುಬೆರಳಿನ ಗೆಣ್ಣಿನ ಮೇಲೆ ಬಂದು ಕೂತಿತು. ಮೂರು ಹೊಲಿಗೆ, ಒಂದು ಟಿಟಿ ಇಂಜೆಕ್ಷನ್, ಮನೆಯವರ ಬೈಗುಳ ಬೇರೆ.

ಆವತ್ತು ನಾನು ಬೈದದ್ದು ಸ್ಪ್ರಿಂಗಿಗೆ. ಸ್ಪ್ರಿಂಗ್ ಸತ್ತುಹೋಗಿದೆ, ಅದಕ್ಕೇ ಹೀಗಾಯ್ತು ಅಂದುಕೊಂಡೆ. ಕೈ ವಾಸಿಯಾದ ಮೇಲೆ ಜಗಲಿಯ ಬೆಳಕಿನಲ್ಲಿ ಹಿಡಿದು ನೋಡಿದರೆ ಸ್ಪ್ರಿಂಗಿಗೆ ಏನೂ ಆಗಿರಲಿಲ್ಲ. ಮುಚ್ಚುವಾಗ ಮೊದಲಿನ ಹಾಗೇ ಟಕ್ ಅನ್ನುತ್ತಿತ್ತು. ವಿಷಯ ಏನೆಂದರೆ, ಆ ಚಾಕುವಿನಲ್ಲಿ ಲಾಕ್ ಅನ್ನುವುದೇ ಇಲ್ಲ. ಸ್ಪ್ರಿಂಗ್ ಅಲಗನ್ನು ತೆರೆದ ಜಾಗದಲ್ಲಿ ನಿಲ್ಲಿಸುತ್ತದೆ, ಅಷ್ಟೇ. ಸಾಕಷ್ಟು ಬಲ ಬಿದ್ದರೆ ಬಿಟ್ಟುಕೊಡುತ್ತದೆ. ಬಿಟ್ಟುಕೊಡಬೇಕು ಅಂತಲೇ ಅದನ್ನು ಮಾಡಿರುವುದು, ಇಲ್ಲದಿದ್ದರೆ ಮುಚ್ಚುವುದು ಹೇಗೆ?

ಅದಾದ ಮೇಲೆ ನನಗೊಂದು ಚಟ ಹತ್ತಿತು. ನೆಂಟರಿಷ್ಟರು, ಅಕ್ಕಪಕ್ಕದವರು ಯಾರ ಜೇಬಿನ ಚಾಕು ಸಿಕ್ಕಿದರೂ ತೆರೆದು ಮುಚ್ಚಿ ನೋಡುವುದು. ಎಲ್ಲರ ದೂರೂ ಎರಡೇ. ಒಂದು ‘ಸಡಿಲ ಆಗಿದೆ’, ಇನ್ನೊಂದು ‘ತೆಗೆಯಕ್ಕೇ ಬರಲ್ಲ’. ಮದ್ದೂ ಎರಡೇ: ಎಣ್ಣೆ ಬಿಡುವುದು, ಇಲ್ಲವೇ ಸುತ್ತಿಗೆಯಲ್ಲಿ ಬಡಿಯುವುದು. ಬಹಳ ಸಲ ಎರಡೂ ತಪ್ಪು ಮದ್ದು.

ಮೊದಲು ನಮೂನೆ ಯಾವುದು ಅಂತ ತಿಳಿದುಕೊಳ್ಳಿ

ಅಲಗಿನ ಬಾಯಿಗೆ ಮಾಸ್ಕಿಂಗ್ ಟೇಪ್ ಎರಡು ಪದರ ಅಂಟಿಸಿ. ಇದು ಹೆದರಿಕೆಗೆ ಹೇಳುವ ಮಾತಲ್ಲ. ಚಾಕು ಪರೀಕ್ಷೆ ಮಾಡುವಾಗ ಕೈ ಕೊಯ್ದುಕೊಂಡವರು ಕೆಲಸ ಮಾಡುವಾಗ ಕೊಯ್ದುಕೊಂಡವರಿಗಿಂತ ಕಡಿಮೆ ಏನಿಲ್ಲ ಅಂತ ನನ್ನ ಅನಿಸಿಕೆ. ಟೇಪ್ ಹಾಕಿದ ಮೇಲೆ ಚಾಕುವನ್ನು ಪೂರ್ತಿ ತೆರೆಯಿರಿ. ಹಿಡಿಯನ್ನು ಎರಡು ಪಕ್ಕದಿಂದ ಹಿಡಿದುಕೊಳ್ಳಿ, ಬೆರಳು ಗಾಡಿಯ ಕಡೆ ಬರಬಾರದು. ಗಾಡಿ ಅಂದರೆ ಅಲಗು ಮಡಚಿ ಕೂರುವ ಉದ್ದನೆಯ ಸಂದು. ಈಗ ಇನ್ನೊಂದು ಕೈಯ ಅಂಗೈಯಿಂದ ಅಲಗಿನ ಬೆನ್ನನ್ನು ಮೆಲ್ಲಗೆ ಒತ್ತಿ.

ಸ್ವಲ್ಪ ಬಾಗಿ, ಕೈ ಬಿಟ್ಟ ಕೂಡಲೇ ವಾಪಸ್ ನೆಟ್ಟಗಾದರೆ ಅದು ಸ್ಲಿಪ್‌ಜಾಯಿಂಟ್. ಅಂದರೆ ಬೆನ್ನಿನ ಸ್ಪ್ರಿಂಗ್ ಪಟ್ಟಿ ಮಾತ್ರ ಹಿಡಿದುಕೊಂಡಿರುವ ಚಾಕು. ನಮ್ಮ ಕಡೆ ಜೇಬಿನಲ್ಲಿ ಇರುವ ಸಣ್ಣ ಚಾಕುಗಳಲ್ಲಿ ಬಹುಪಾಲು ಇದೇ. ಗೋಡೆಗೆ ಒತ್ತಿದ ಹಾಗೆ ಅಲುಗಾಡದೆ ನಿಂತರೆ ಅದರಲ್ಲಿ ಲಾಕ್ ಇದೆ. ಯಾವ ಕೋನದಲ್ಲಿ ಬಿಟ್ಟರೆ ಅಲ್ಲೇ ನಿಂತರೆ, ಟಕ್ಕೂ ಇಲ್ಲ ಪಿಟಕ್ಕೂ ಇಲ್ಲ ಅಂದರೆ, ಅದು ಬರೀ ತಿಕ್ಕಾಟದ ಮೇಲೆ ನಿಲ್ಲುವ ಚಾಕು. ಜಪಾನಿನ ಹಿಗೊನೊಕಾಮಿ ಈ ಜಾತಿಯದು. ಫ್ರಾನ್ಸಿನ ಓಪಿನೆಲ್ ಕೂಡ, ಅಲಗನ್ನು ಅಲ್ಲಾಡದಂತೆ ನಿಲ್ಲಿಸಲು ಅದರ ಹಿಡಿಯ ಕತ್ತಿನಲ್ಲಿರುವ ಬಳೆ ತಿರುಗಿಸದಿದ್ದರೆ.

ಮೂರಕ್ಕೂ ‘ಸಡಿಲ’ ಅಂದರೆ ಬೇರೆ ಬೇರೆ ಅರ್ಥ. ಒಂದರ ಮದ್ದು ಇನ್ನೊಂದಕ್ಕೆ ವಿಷ. ಸ್ಲಿಪ್‌ಜಾಯಿಂಟಿಗೆ ಒಂದು ತೊಟ್ಟು ಎಣ್ಣೆ ಒಳ್ಳೆಯದು. ಅದೇ ತೊಟ್ಟನ್ನು ಹಿಗೊನೊಕಾಮಿಗೆ ಬಿಟ್ಟರೆ ಅದಕ್ಕಿದ್ದ ಒಂದೇ ಹಿಡಿತವೂ ಹೋಯಿತು.

ಸ್ಲಿಪ್‌ಜಾಯಿಂಟ್ ಒಳಗೆ ನಡೆಯುವುದು

ಅಲಗಿನ ಬುಡ ಹೆಚ್ಚುಕಮ್ಮಿ ಚೌಕಾಕಾರ. ತೆರೆದಾಗ ಅದರ ಒಂದು ಮಟ್ಟಸ ಮುಖ, ಮುಚ್ಚಿದಾಗ ಇನ್ನೊಂದು ಮುಖ ಸ್ಪ್ರಿಂಗ್ ಪಟ್ಟಿಗೆ ಅಂಟಿ ಕೂರುತ್ತದೆ. ನಡುವೆ ಮೂಲೆ ಹಾದುಹೋಗುವಾಗ ಪಟ್ಟಿ ಮೇಲಕ್ಕೆ ಏಳುತ್ತದೆ. ಮೂಲೆ ದಾಟಿದ ಕೂಡಲೇ ಟಕ್ ಅಂತ ಬೀಳುತ್ತದೆ. ಆ ಶಬ್ದವೇ ಚಾಕುವಿನ ನಾಡಿ. ಕೆಲವು ಚಾಕುಗಳಲ್ಲಿ ಅರ್ಧ ದಾರಿಯಲ್ಲೂ ಒಂದು ತಂಗುದಾಣ ಇರುತ್ತದೆ. ಅಲಗು ನೆಟ್ಟಗೆ 90 ಡಿಗ್ರಿಗೆ ಬಂದಾಗ ಒಮ್ಮೆ ನಿಂತು, ಮತ್ತೆ ಒತ್ತಿದರೆ ಮುಚ್ಚುತ್ತದೆ. ಬೆರಳು ಸರಿಸಿಕೊಳ್ಳುವುದಕ್ಕೆ ಅಷ್ಟು ಹೊತ್ತು ಸಿಗುತ್ತದೆ, ಅದು ದೊಡ್ಡ ಉಪಕಾರ.

ಈ ಪಟ್ಟಿಯನ್ನು ಹೊರಗಿನಿಂದಲೇ ಓದಬಹುದು. ಚಾಕುವಿನ ಬೆನ್ನನ್ನು ಕಣ್ಣಿನ ಮಟ್ಟಕ್ಕೆ ತಂದು ಕಿಟಕಿಯ ಕಡೆ ಹಿಡಿಯಿರಿ. ಚೆನ್ನಾಗಿ ಮಾಡಿದ ಚಾಕುವಿನಲ್ಲಿ ತೆರೆದಾಗಲೂ ಮುಚ್ಚಿದಾಗಲೂ ಪಟ್ಟಿಯ ಬೆನ್ನು ಪಕ್ಕದ ತಗಡಿನ ಮಟ್ಟಕ್ಕೇ ಇರುತ್ತದೆ. ಉಗುರು ಎಳೆದರೆ ಎಡವಬಾರದು. ಮುಚ್ಚಿದಾಗ ಪಟ್ಟಿ ಸ್ವಲ್ಪ ಉಬ್ಬಿ ನಿಂತಿದ್ದರೆ ಅಲಗಿನ ಬುಡಕ್ಕೂ ಪಟ್ಟಿಗೂ ನಡುವೆ ಏನೋ ಸಿಕ್ಕಿಕೊಂಡಿದೆ, ಇಲ್ಲವೇ ಅಲಗು ಪೂರ್ತಿ ಒಳಗೆ ಹೋಗುತ್ತಿಲ್ಲ. ತಗ್ಗಿ ಕೂತಿದ್ದರೆ ಬುಡ ಸವೆದಿದೆ. ಹೊಸದರಿಂದಲೇ ಒಂದಿಷ್ಟು ಏರುಪೇರು ಇರುವ ಅಗ್ಗದ ಚಾಕುಗಳೂ ಇವೆ. ಆದ್ದರಿಂದ ಮೊದಲು ಹೇಗಿತ್ತು ಅನ್ನುವ ನೆನಪೂ ಬೇಕು.

ದೂರು ಒಂದು: ಸಡಿಲ. ತಾನೇ ತೆರೆದುಕೊಳ್ಳುತ್ತದೆ, ಇಲ್ಲವೇ ಬೇಗ ಮಡಚುತ್ತದೆ

ಮುಚ್ಚಿದ ಚಾಕುವನ್ನು ಗಾಡಿ ಕೆಳಗೆ ಮಾಡಿ, ಮಡಿಸಿದ ಕಂಬಳಿಯ ಮೇಲೆ ಹಿಡಿದು ನಾಲ್ಕೈದು ಸಲ ಜೋರಾಗಿ ಒದರಿ. ಅಲಗು ಇಣುಕಬಾರದು. ಇಣುಕಿದರೆ ಆ ಚಾಕು ಜೇಬಿಗೆ ಲಾಯಕ್ಕಲ್ಲ. ರಿಪೇರಿ ಆಗುವ ತನಕ ಡಬ್ಬಿಯಲ್ಲಿ ಇಡಿ. ಒದರಿದಾಗ ಪಾಸಾದರೆ ಇನ್ನೊಂದು ನೋಡಿ. ಅಲಗನ್ನು ಒಂದು ಬೆರಳಿನ ದಪ್ಪದಷ್ಟು ಎತ್ತಿ ಬಿಡಿ. ತಾನೇ ಒಳಕ್ಕೆ ಎಳೆದುಕೊಳ್ಳಬೇಕು. ಎತ್ತಿದಲ್ಲೇ ಸೋಮಾರಿಯಾಗಿ ನಿಂತರೆ ಪಟ್ಟಿ ಕೆಲಸ ಮಾಡುತ್ತಿಲ್ಲ, ಇಲ್ಲವೇ ಅದನ್ನು ಏನೋ ಹಿಡಿದಿಟ್ಟಿದೆ.

ಈಗ ನಿಮ್ಮನ್ನೇ ಒಂದು ಪ್ರಶ್ನೆ ಕೇಳಿಕೊಳ್ಳಿ. ಸಡಿಲ ನಿಧಾನಕ್ಕೆ ಬಂತಾ, ರಾತ್ರೋರಾತ್ರಿ ಬಂತಾ?

ರಾತ್ರೋರಾತ್ರಿ ಬಂದಿದ್ದರೆ ಪಟ್ಟಿ ಬಿರುಕು ಬಿಟ್ಟಿರುವ ಸಂಶಯ. ಬಿರುಕು ಕೂದಲೆಳೆಯಷ್ಟು ಇರುತ್ತದೆ. ಸಾಮಾನ್ಯವಾಗಿ ತುಕ್ಕು ಹಿಡಿದ ಜಾಗದಲ್ಲೋ, ಪಟ್ಟಿ ತೆಳ್ಳಗಾಗುವ ಕಡೆಯೋ ಇರುತ್ತದೆ. ಟಾರ್ಚ್ ಬೆಳಕನ್ನು ಓರೆಯಾಗಿ ಬಿಟ್ಟು, ಭೂತಗನ್ನಡಿಯಲ್ಲಿ ನೋಡಿ. ತೆರೆದು ಮುಚ್ಚುವಾಗ ಟಕ್ ಅನ್ನುವ ಬದಲು ಮೆತ್ತಗೆ ತಪ್ ಅಂದರೆ ಅನುಮಾನ ಇನ್ನೂ ಗಟ್ಟಿ. ರಿವೆಟ್ ಹೊಡೆದ ಚಾಕುವಿನಲ್ಲಿ ಪಟ್ಟಿ ಒಡೆದರೆ ಮನೆಯಲ್ಲಿ ಮಾಡುವಂಥದ್ದು ಏನೂ ಇಲ್ಲ. ಪಟ್ಟಿಯನ್ನು ಬೆಂಕಿಗೆ ಹಿಡಿದು ಬಗ್ಗಿಸುವವರನ್ನು ನೋಡಿದ್ದೇನೆ. ಕಾದ ಕೂಡಲೇ ಅದರ ಹದ ಹೋಗುತ್ತದೆ. ಆಮೇಲೆ ಅದು ಸ್ಪ್ರಿಂಗ್ ಅಲ್ಲ, ಸುಮ್ನೆ ಕಬ್ಬಿಣದ ಪಟ್ಟಿ.

ನಿಧಾನಕ್ಕೆ ಬಂದ ಸಡಿಲಕ್ಕೆ ಮೊದಲ ಅಪರಾಧಿ ಕೊಳೆ. ಕೇಳಲು ವಿಚಿತ್ರ, ಅಲ್ವಾ? ಕೊಳೆ ಸೇರಿದರೆ ಬಿಗಿ ಆಗಬೇಕಲ್ಲ ಅಂತ ನಾನೂ ಅಂದುಕೊಂಡಿದ್ದೆ. ಆದರೆ ಗಾಡಿಯ ತಳದಲ್ಲಿ ಜೇಬಿನ ನೂಲು, ಅಡಕೆ ಪುಡಿ, ಮಣ್ಣು ಸೇರಿ ಗಟ್ಟಿ ಮೆತ್ತೆ ಆಗುತ್ತದೆ. ಅಲಗಿನ ಬುಡದ ಹತ್ತಿರ ಒಂದು ಸಣ್ಣ ಮುಳ್ಳಿನಂಥ ಉಬ್ಬು ಇರುತ್ತದೆ. ಮುಚ್ಚಿದಾಗ ಅದು ಪಟ್ಟಿಗೆ ತಾಗಿ ನಿಲ್ಲಬೇಕು. ಅದು ಮೆತ್ತೆಯ ಮೇಲೆ ಕೂತರೆ ಅಲಗು ಪೂರ್ತಿ ಒಳಗೆ ಹೋಗುವುದಿಲ್ಲ. ಬುಡದ ಮಟ್ಟಸ ಮುಖ ಪಟ್ಟಿಗೆ ಸರಿಯಾಗಿ ಕೂರುವುದಿಲ್ಲ. ಸ್ಪ್ರಿಂಗಿನಲ್ಲಿ ಬಲ ಇದ್ದರೂ ಹಿಡಿತ ಇಲ್ಲ. ಒಮ್ಮೆ ನಮ್ಮ ಭಾವನ ಚಾಕುವಿನ ಗಾಡಿಯಿಂದ ಹಲ್ಲುಕಡ್ಡಿಯಲ್ಲಿ ಕೆದಕಿ ತೆಗೆದ ಕಸ ಅರ್ಧ ಚಮಚ ಆಯಿತು. ತೊಳೆದ ಮೇಲೆ ಚಾಕು ಟಕ್ ಅಂತು. "ಅಯ್ಯೋ ಮಾರಾಯ, ಹೊಸತು ತಗೊಳ್ಳಕ್ಕೆ ಹೊರಟಿದ್ದೆ" ಅಂದರು.

ತೊಳೆದರೂ ಸಡಿಲವೇ ಇದ್ದರೆ ಬುಡದ ಮೂಲೆ ನೋಡಿ. ಮೂಲೆ ಚೂಪಾಗಿರುವ ಬದಲು ಸಾಬೂನಿನ ಹಾಗೆ ಗುಂಡಗಾಗಿದ್ದರೆ ಸವೆತ. ಇದನ್ನು ಅರದಲ್ಲಿ ಉಜ್ಜಿ ಸರಿಮಾಡಲು ಹೋಗಬೇಡಿ. ಇರುವ ಲೋಹವೂ ಹೋಗುತ್ತದೆ. ಸವೆದ ಚಾಕುವನ್ನು ಹಣ್ಣು ಕೊಯ್ಯಲು, ಕವರ್ ಹರಿಯಲು ಇಟ್ಟುಕೊಳ್ಳಬಹುದು. ಬೆರಳಿಗೆ ಎದುರಾಗಿ ಬಲ ಹಾಕುವ ಯಾವ ಕೆಲಸಕ್ಕೂ ಬೇಡ.

ಇನ್ನೊಂದು ಮೋಸ ಇದೆ. ಎರಡು ಅಲಗು ಇರುವ ಚಾಕುವಿನಲ್ಲಿ ಎರಡಕ್ಕೂ ಒಂದೇ ಪಟ್ಟಿ ಇರುವುದುಂಟು. ಎರಡೂ ಒಂದೇ ತುದಿಯಲ್ಲಿದ್ದರೆ, ಒಂದನ್ನು ಅರ್ಧ ತೆರೆದು ನೋಡಿ. ಅದರ ಮೂಲೆ ಪಟ್ಟಿಯನ್ನು ಮೇಲಕ್ಕೆ ಎತ್ತಿ ಹಿಡಿದಿರುತ್ತದೆ. ಆಗ ಪಕ್ಕದ ಅಲಗಿಗೆ ಒತ್ತಡವೇ ಇಲ್ಲ, ಬಾಗಿಲ ಚಿಲಕ ತೆಗೆದ ಹಾಗೆ ಅಲ್ಲಾಡುತ್ತದೆ. ಇದು ದೋಷವಲ್ಲ, ಅದರ ಕಟ್ಟೋಣವೇ ಹಾಗೆ. ಸ್ವಿಸ್ ಚಾಕುಗಳ ಕಥೆಯೂ ಈ ಹಂಚಿಕೆಯ ಮೇಲೇ ನಿಂತಿದೆ. ಸ್ವಿಟ್ಜರ್ಲೆಂಡಿನ ಇಬಾಕ್‌ನಲ್ಲಿ 1884ರಲ್ಲಿ ಅಂಗಡಿ ಹಾಕಿದ ಕಾರ್ಲ್ ಎಲ್ಸೆನರ್, ಒಂದೇ ಸ್ಪ್ರಿಂಗಿನಿಂದ ಹಿಡಿಯ ಎರಡೂ ಕಡೆಯ ಉಪಕರಣಗಳನ್ನು ಹಿಡಿದಿಡುವ ಉಪಾಯ ಕಂಡುಕೊಂಡ. ಆಫೀಸರ್ ಚಾಕುವಿಗೆ 1897ರ ಜೂನ್ 12ರಂದು ಹಕ್ಕು ನೋಂದಾಯಿಸಿದ. ಚಾಕು ಹಗುರವಾಗಿದ್ದು, ಉಪಕರಣ ಜಾಸ್ತಿ ಆದದ್ದು ಇದರಿಂದ. ನಮಗೆ ಇದರಿಂದ ಸಿಗುವ ಪಾಠ ಸಣ್ಣದು: ಬಿಗಿ ಸಡಿಲ ನೋಡುವಾಗ ಬೇರೆಲ್ಲ ಉಪಕರಣ ಪೂರ್ತಿ ಮುಚ್ಚಿರಲಿ. ಎರಡು ಅಲಗು ಒಟ್ಟಿಗೆ ತೆರೆದುಕೊಂಡು ಕೆಲಸ ಮಾಡುವುದಂತೂ ಬೇಡವೇ ಬೇಡ.

ದೂರು ಎರಡು: ಬಿಗಿ. ಉಗುರು ಕಿತ್ತುಬರುತ್ತದೆ, ಅಲಗು ಬರುವುದಿಲ್ಲ

ಇದನ್ನು ಯಾರೂ ದೋಷ ಅನ್ನುವುದಿಲ್ಲ. "ಗಟ್ಟಿ ಮಾಲು" ಅಂತ ಹೆಮ್ಮೆ ಪಡುತ್ತಾರೆ. ನನ್ನ ಲೆಕ್ಕದಲ್ಲಿ ಸಣ್ಣ ಚಾಕುವಿಗೆ ಸಡಿಲಕ್ಕಿಂತ ಅತಿ ಬಿಗಿಯೇ ಜಾಸ್ತಿ ಅಪಾಯ. ಸಡಿಲ ಇದ್ದರೆ ಗೊತ್ತಾಗುತ್ತದೆ, ಹುಷಾರಾಗಿರುತ್ತೇವೆ. ಬಿಗಿ ಇದ್ದರೆ ಬಲ ಹಾಕುತ್ತೇವೆ. ತೆರೆಯುವಾಗ ಉಗುರು ಜಾರಿದರೆ ಅಲಗು ಟಪ್ ಅಂತ ವಾಪಸ್ ಹೋಗಿ ಗಾಡಿಯ ಹತ್ತಿರ ಇರುವ ಬೆರಳಿಗೆ ಬೀಳುತ್ತದೆ. ಮುಚ್ಚುವಾಗ ಇನ್ನೂ ಕೆಟ್ಟದ್ದು. ಮೊದಲರ್ಧ ದಾರಿ ಸ್ಪ್ರಿಂಗ್ ನಮ್ಮ ವಿರುದ್ಧ ತಳ್ಳುತ್ತದೆ. ಮೂಲೆ ದಾಟಿದ ಮೇಲೆ ಅದೇ ಸ್ಪ್ರಿಂಗ್ ನಮ್ಮ ಕೈಯ ಬಲದ ಜೊತೆ ಸೇರಿಕೊಂಡು ಅಲಗನ್ನು ಒಳಕ್ಕೆ ಎಳೆಯುತ್ತದೆ. ಅಷ್ಟು ಹೊತ್ತು ಎದುರಾಳಿ, ಆಮೇಲೆ ಏಕಾಏಕಿ ಜೊತೆಗಾರ. ಬೆರಳು ಕೊಯ್ಯುವುದು ಆ ಕ್ಷಣದಲ್ಲಿ.

ಬಿಗಿಯ ಕಾರಣ ಹುಡುಕಲು ಯಾವಾಗ ಬಿಗಿ ಅಂತ ಗಮನಿಸಿ. ಚಳಿಗಾಲದ ಬೆಳಿಗ್ಗೆ ಮಾತ್ರ ಬಿಗಿ, ಮಧ್ಯಾಹ್ನಕ್ಕೆ ಸರಿ ಅಂದರೆ ಕಾರಣ ನಿಮ್ಮ ಅಡುಗೆಮನೆಯಲ್ಲಿದೆ. ಯಾರೋ ತೆಂಗಿನೆಣ್ಣೆ ಬಿಟ್ಟಿದ್ದಾರೆ. ತೆಂಗಿನೆಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಮಲೆನಾಡಿನಲ್ಲಿ ಡಿಸೆಂಬರ್ ಬೆಳಿಗ್ಗೆ ಬಾಟಲಿಯ ಎಣ್ಣೆ ಬೆಳ್ಳಗೆ ಕಲ್ಲಾಗಿರುವುದನ್ನು ನೋಡಿದ್ದೇವಲ್ಲ, ಚಾಕುವಿನ ಕೀಲಿನ ಒಳಗೂ ಅದೇ ಆಗಿರುತ್ತದೆ. ಚಾಕುವನ್ನು ಐದು ನಿಮಿಷ ಮುಷ್ಟಿಯಲ್ಲಿ ಹಿಡಿದು ಆಮೇಲೆ ತೆರೆಯಿರಿ. ಹಗುರವಾದರೆ ರೋಗ ಸಿಕ್ಕಿತು. ಅಡುಗೆ ಎಣ್ಣೆಗಳ ಗತಿಯೂ ಅಷ್ಟೇ. ಕೆಲವು ತಿಂಗಳಿಗೆ ಅಂಟಾಗಿ, ದೂಳು ಹಿಡಿದು ಗೋಂದಿನ ಹಾಗೆ ಆಗುತ್ತವೆ.

ಮಾವಿನ ಕಾಲದ ನಂತರ ಬಿಗಿಯಾದರೆ ಸೊನೆ. ಅಡಕೆ ಸುಲಿದು ಕೊಯ್ದ ಮೇಲೆ ಬಿಗಿಯಾದರೆ ಚೊಗರು. ಎರಡೂ ಒಣಗಿದ ಮೇಲೆ ಅಂಟು. ಮಳೆಗಾಲದಲ್ಲಿ ಬಿಗಿಯಾದರೆ ತುಕ್ಕು, ಮರದ ಹಿಡಿಯಾಗಿದ್ದರೆ ಮರ ಉಬ್ಬಿರುವುದು. ಕೆಳಗೆ ಬಿದ್ದ ದಿನದಿಂದ ಬಿಗಿಯಾದರೆ ಪಕ್ಕದ ತಗಡು ಬಾಗಿ ಅಲಗಿಗೆ ಒರಸುತ್ತಿದೆ. ಆಗ ಅಲಗಿನ ಒಂದೇ ಪಕ್ಕದಲ್ಲಿ ಹೊಸ ಗೀರು ಕಾಣುತ್ತದೆ.

ತೊಳೆಯುವ ವಿಧಾನ ಸರಳ. ಪೂರ್ತಿ ಲೋಹ ಮತ್ತು ಪ್ಲಾಸ್ಟಿಕ್ ಹಿಡಿಯ ಸ್ಟೇನ್‌ಲೆಸ್ ಚಾಕುವಾದರೆ ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ನಾಲ್ಕು ಹನಿ ಹಾಕಿ. ನೀರಿನ ಒಳಗೇ ಹತ್ತಾರು ಸಲ ತೆರೆದು ಮುಚ್ಚಿ. ಕೈ ಜಾರುತ್ತದೆ, ಆದ್ದರಿಂದ ಬಟ್ಟೆಯಲ್ಲಿ ಹಿಡಿದುಕೊಳ್ಳಿ. ಹಳೆಯ ಟೂತ್‌ಬ್ರಶ್‌ನಿಂದ ಗಾಡಿ ಉಜ್ಜಿ. ಮೂಲೆಗೆ ಹಲ್ಲುಕಡ್ಡಿ. ನೀರು ಕಪ್ಪಗಾಗುವುದು ನಿಲ್ಲುವ ತನಕ ಬದಲಿಸಿ. ಆಮೇಲೆ ಒದರಿ, ಒರಸಿ, ಅರ್ಧ ತೆರೆದು ಬಿಸಿಲಲ್ಲಿಡಿ. ಪೂರ್ತಿ ಒಣಗಿದ ಮೇಲೆ ಕೀಲಿಗೆ ಹೊಲಿಗೆ ಮಿಷನ್ ಎಣ್ಣೆ ಒಂದೇ ಒಂದು ಹನಿ. ಎರಡು ಹನಿ ಬಿಟ್ಟರೆ ಎರಡನೆಯದು ದೂಳು ಹಿಡಿಯುವುದಕ್ಕೆ ಮಾತ್ರ. ಹಣ್ಣು ತರಕಾರಿ ಕೊಯ್ಯುವ ಚಾಕುವಾದರೆ ಆಹಾರಕ್ಕೆ ತಾಗಿದರೂ ತೊಂದರೆ ಇಲ್ಲದ ಮಿನರಲ್ ಎಣ್ಣೆ ತಗೊಳ್ಳಿ. ಮರ, ಕೊಂಬು, ಮೂಳೆಯ ಹಿಡಿ ಇದ್ದರೆ ನೀರಿನಲ್ಲಿ ನೆನೆಸಬೇಡಿ. ಒದ್ದೆ ಬ್ರಶ್ ಸಾಕು.

ಬಿಗಿ ಎಷ್ಟು ಇಳಿಯಿತು ಅಂತ ತಿಳಿಯಬೇಕಾದರೆ ಲಗೇಜ್ ತೂಗುವ ಸಣ್ಣ ಕೊಕ್ಕೆ ತಕ್ಕಡಿ ಇದ್ದರೆ ಚೆನ್ನ. ಟೇಪ್ ಸುತ್ತಿದ ಅಲಗಿಗೆ ಉಗುರು ಹಾಕುವ ಗೆರೆಯ ಹತ್ತಿರ ಗಟ್ಟಿ ದಾರ ಕಟ್ಟಿ, ಕೊಕ್ಕೆ ಸಿಕ್ಕಿಸಿ, ನಿಧಾನ ಎಳೆಯಿರಿ. ಅಲಗು ಏಳುವ ಕ್ಷಣದ ತೂಕ ಬರೆದಿಟ್ಟುಕೊಳ್ಳಿ. ತೊಳೆದ ಮೇಲೆ ಮತ್ತೆ ಅದೇ ಜಾಗಕ್ಕೆ ಕಟ್ಟಿ ನೋಡಿ. ಜಾಗ ಬದಲಾದರೆ ಸನ್ನೆಯ ಉದ್ದ ಬದಲಾಗಿ ಲೆಕ್ಕ ತಪ್ಪುತ್ತದೆ. ಬೇರೆಯವರ ಚಾಕುವಿನ ಅಂಕಿ ನಿಮಗೆ ಬೇಡ. ನಿಮ್ಮದರ ಮೊದಲು ಎಷ್ಟು, ಈಗ ಎಷ್ಟು, ಅಷ್ಟು ಸಾಕು.

ಮರದ ಹಿಡಿಯ ವಿಚಾರ ಬೇರೆ

ಓಪಿನೆಲ್ ಚಾಕು ಹುಟ್ಟಿದ್ದು 1890ರಲ್ಲಿ, ಫ್ರಾನ್ಸಿನ ಸವೊಯಾ ಸೀಮೆಯಲ್ಲಿ. ಜೋಸೆಫ್ ಓಪಿನೆಲ್ ಮಾಡಿದ್ದು. ಬೀಚ್ ಮರದ ಹಿಡಿಯಲ್ಲಿ ಒಂದು ಸೀಳು, ಅದರಲ್ಲಿ ಅಲಗು, ಒಂದು ರಿವೆಟ್. ಬೆನ್ನಿನ ಸ್ಪ್ರಿಂಗ್ ಇಲ್ಲ. ಮರ ಅಲಗನ್ನು ಎರಡೂ ಕಡೆಯಿಂದ ಅಮುಕಿ ಹಿಡಿಯುವುದೇ ಅದರ ಬಿಗಿ. ಕತ್ತಿನಲ್ಲಿ ತಿರುಗುವ ಬಳೆ ಬಂದದ್ದು 1955ರಲ್ಲಿ, ಅದಕ್ಕೆ ವಿರೊಬ್ಲಾಕ್ ಅಂತ ಹೆಸರು. ತೀರ ಸಣ್ಣ ನಂಬರಿನ ಓಪಿನೆಲ್‌ಗಳಿಗೆ ಈ ಬಳೆ ಇರುವುದಿಲ್ಲ.

ಈ ಚಾಕುವನ್ನು ಆಗುಂಬೆ ಕಡೆ ಮಳೆಗಾಲಕ್ಕೆ ತಂದರೆ ಏನಾಗುತ್ತದೆ ಅಂತ ಯೋಚಿಸಿ. ಮರ ನೀರು ಕುಡಿದು ಉಬ್ಬಿ, ಸೀಳು ಕಿರಿದಾಗಿ, ಅಲಗು ಒಳಗೇ ಸಿಕ್ಕಿಹಾಕಿಕೊಳ್ಳುತ್ತದೆ. ಇಕ್ಕಳದಲ್ಲಿ ಎಳೆಯಲು ಹೋಗಬೇಡಿ. ಸವೊಯಾ ಸೀಮೆಯವರೇ ಕಂಡುಕೊಂಡ ಒಂದು ಪೆಟ್ಟು ಇದೆ. ಬಳೆ ಅಲಗಿಗೆ ಅಡ್ಡ ಇಲ್ಲದ ಹಾಗೆ ತಿರುಗಿಸಿ. ಹಿಡಿಯ ಹಿಂದಿನ ಕೊನೆಯನ್ನು ಮೇಜಿನ ಅಂಚಿಗೆ ಕುಕ್ಕಿ. ಕುಕ್ಕಿದ ರಭಸಕ್ಕೆ ಅಲಗು ಸ್ವಲ್ಪ ಹೊರಗೆ ಇಣುಕುತ್ತದೆ, ಆಗ ಅದರ ಬೆನ್ನು ಹಿಡಿದು ತೆರೆಯಬಹುದು. ಕುಕ್ಕುವಾಗ ಬೆರಳು ಗಾಡಿಯ ಮೇಲೆ ಇರಬಾರದು ಅಂತ ಮತ್ತೆ ಹೇಳಬೇಕಾಗಿಲ್ಲ.

ಒಣಗಿಸುವುದಕ್ಕೆ ಅರ್ಧ ತೆರೆದು ಅಕ್ಕಿ ಡಬ್ಬಿಯಲ್ಲಿ ಎರಡು ದಿನ ಹುಗಿದಿಡಿ. ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟರೆ ಬೇಗ ಒಣಗುತ್ತದೆ, ಆದರೆ ಜಾಸ್ತಿ ಒಣಗಿ ಬಿರುಕು ಬಿಡಬಹುದು. ಒಣಗಿದ ಮೇಲೆ ಸೀಳಿನ ಒಳಗೆ ವ್ಯಾಸಲೀನ್ ತಿಕ್ಕಿ. ಮುಂದಿನ ಸಲ ನೀರು ಅಷ್ಟು ಸುಲಭಕ್ಕೆ ಹೀರುವುದಿಲ್ಲ. ಪ್ರತಿ ಮಳೆಗಾಲಕ್ಕೂ ಸಿಕ್ಕಿಕೊಳ್ಳುತ್ತಿದ್ದರೆ ಮಾತ್ರ ಸೀಳಿನ ಗೋಡೆಗೆ ನಯವಾದ ಮರಳುಕಾಗದ ಎರಡು ಸಲ ಎಳೆಯಿರಿ. ಅದೂ ಒಣ ಹವೆಯಲ್ಲಿ ಯೋಚಿಸಿ ಎಳೆಯಿರಿ. ಮಳೆಗಾಲದಲ್ಲಿ ಉಜ್ಜಿ ಸರಿಮಾಡಿದ ಚಾಕು ಮಾರ್ಚ್‌ನಲ್ಲಿ ಲೊಡಲೊಡ ಅನ್ನುತ್ತದೆ.

ಪಕ್ಕಕ್ಕೆ ಅಲ್ಲಾಡುವುದು

ಅಲಗಿನ ತುದಿಯನ್ನು ಟೇಪ್ ಮೇಲಿಂದ ಹಿಡಿದು ಎಡಕ್ಕೆ ಬಲಕ್ಕೆ ಅಲ್ಲಾಡಿಸಿ. ಕೀಲಿನ ಹತ್ತಿರ ಕಣ್ಣಿಡಿ. ಸ್ಕ್ರೂ ಇರುವ ಚಾಕುವಾದರೆ ಅದೃಷ್ಟ. ನಕ್ಷತ್ರದ ಆಕಾರದ ಟಾರ್ಕ್ಸ್ ಸ್ಕ್ರೂ ಇರುತ್ತದೆ, ಸಾಮಾನ್ಯವಾಗಿ ಟಿ6 ಅಥವಾ ಟಿ8 ಅಳತೆ. ಸರಿಯಾದ ಬಿಟ್ ಇಲ್ಲದೆ ಚಪ್ಪಟೆ ಸ್ಕ್ರೂಡ್ರೈವರ್ ತುರುಕಿದರೆ ತಲೆ ಸವೆದು ಕೆಲಸ ಕೆಡುತ್ತದೆ. ಗಡಿಯಾರದ ಮುಳ್ಳು ಐದು ನಿಮಿಷ ನಡೆಯುವಷ್ಟೇ ತಿರುಗಿಸಿ, ತೆರೆದು ಮುಚ್ಚಿ ನೋಡಿ, ಮತ್ತೆ ಅಷ್ಟೇ. ಅಲ್ಲಾಟ ನಿಂತ ಜಾಗದಲ್ಲಿ ನಿಲ್ಲಿಸಿ. ವಾರಕ್ಕೊಮ್ಮೆ ಸಡಿಲ ಆಗುತ್ತಿದ್ದರೆ ಸ್ಕ್ರೂ ಬಿಚ್ಚಿ ಎಣ್ಣೆ ಒರಸಿ, ಸುರುಳಿಗೆ ನೀಲಿ ಲಾಕ್‌ಟೈಟ್ (ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು) ಸಾಸಿವೆ ಕಾಳಿನಷ್ಟು ಹಚ್ಚಿ ಒಂದು ದಿನ ಬಿಡಿ. ಕೆಂಪು ಬೇಡ. ಕೆಂಪು ಹಚ್ಚಿದರೆ ಬಿಚ್ಚಲು ಕಾಯಿಸಬೇಕಾಗುತ್ತದೆ.

ರಿವೆಟ್ ಇರುವ ಚಾಕುವಿಗೆ ಸುತ್ತಿಗೆಯ ಆಸೆ ಹುಟ್ಟುತ್ತದೆ. ಗಟ್ಟಿ ಕಬ್ಬಿಣದ ಮೇಲಿಟ್ಟು ರಿವೆಟ್ ತಲೆಗೆ ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಅಲ್ಲಾಟ ಕಡಿಮೆಯಾಗುವುದು ನಿಜ. ಹಿಗೊನೊಕಾಮಿಯನ್ನು ಬಿಗಿ ಮಾಡುವುದೂ ಹೀಗೇ. ಆದರೆ ತಟ್ಟಿದ್ದನ್ನು ವಾಪಸ್ ತಟ್ಟಲು ಬರುವುದಿಲ್ಲ. ಪ್ಲಾಸ್ಟಿಕ್ ಹಿಡಿಯ ಒಳಗೆ ರಿವೆಟ್ ಅಡಗಿರುವ ಚಾಕುವಾದರೆ ಹಿಡಿ ಒಡೆಯುತ್ತದೆ. ಚಾಕು ಇನ್ನೂರು ರೂಪಾಯಿದು, ರಿಪೇರಿಗೆ ಐನೂರು ಅಂದರೆ ಮೂಗಿಗಿಂತ ಮೂಗುತಿ ಭಾರ.

ಲಾಕ್ ಇದ್ದೂ ಮಡಚಿದರೆ

ಲಾಕ್ ಇರುವ ಸಣ್ಣ ಚಾಕುಗಳಲ್ಲಿ ಈಗ ಹೆಚ್ಚು ಕಾಣುವುದು ಲೈನರ್ ಲಾಕ್. ಇದಕ್ಕೆ ಇವತ್ತಿನ ರೂಪ ಕೊಟ್ಟವರು ಅಮೆರಿಕದ ಮೈಕೆಲ್ ವಾಕರ್, 1980ರ ದಶಕದ ಆರಂಭದಲ್ಲಿ. ಪಕ್ಕದ ತಗಡಿನ ಒಂದು ನಾಲಿಗೆ ಒಳಕ್ಕೆ ಬಾಗಿ, ತೆರೆದ ಅಲಗಿನ ಬುಡಕ್ಕೆ ಆಧಾರವಾಗಿ ನಿಲ್ಲುತ್ತದೆ. ತೆರೆದು ಬೆಳಕಿನಲ್ಲಿ ನೋಡಿ. ನಾಲಿಗೆಯ ದಪ್ಪ ಪೂರ್ತಿ ಅಲಗಿನ ಬುಡದ ಮೇಲೆ ಬಂದಿರಬೇಕು, ಆದರೆ ಎದುರು ಪಕ್ಕದ ತಗಡಿಗೆ ತಾಗಿರಬಾರದು. ಅಂಚಿನಲ್ಲಿ ಮಾತ್ರ ಕಚ್ಚಿಕೊಂಡಿದ್ದರೆ ಜಾರುತ್ತದೆ. ಎದುರು ಗೋಡೆಗೇ ಹೋಗಿ ತಾಗಿದ್ದರೆ ಸವೆದಿದೆ. ಕಚ್ಚುವ ಮುಖಕ್ಕೆ ಎಣ್ಣೆ ಹತ್ತಿದ್ದರೂ, ಒಂದು ಮರಳಿನ ಕಣ ಸಿಕ್ಕಿದ್ದರೂ ಜಾರುತ್ತದೆ. ಆ ಮುಖವನ್ನು ಸ್ಪಿರಿಟ್ ಬಟ್ಟೆಯಿಂದ ಒರಸಿ ಮತ್ತೆ ಪರೀಕ್ಷೆ ಮಾಡಿ. ಪರೀಕ್ಷೆ ಅಂದರೆ ಅಂಗೈಯಿಂದ ಬೆನ್ನು ಒತ್ತುವುದು. ಅಲಗಿನ ಬೆನ್ನನ್ನು ಕಲ್ಲಿಗೆ ಚಚ್ಚುವುದಲ್ಲ. ಚಚ್ಚಿದರೆ ಒಳ್ಳೆಯ ಲಾಕೂ ಹಾಳಾಗುತ್ತದೆ, ಮುಂದೆ ಯಾವತ್ತೋ ಅದು ಬಿಡುತ್ತದೆ.

ಈ ನಮೂನೆಯಲ್ಲಿ ಮುಚ್ಚಿದಾಗ ಅಲಗನ್ನು ಹಿಡಿಯುವುದು ಅದೇ ನಾಲಿಗೆಯ ಮೇಲಿನ ಒಂದು ಪುಟ್ಟ ಗುಂಡು. ಅಲಗಿನ ಬುಡದಲ್ಲಿ ಅದಕ್ಕೆ ಒಂದು ಕುಳಿ. ಮುಚ್ಚಿದ ಚಾಕು ತಾನೇ ತೆರೆದುಕೊಂಡರೆ ಆ ಕುಳಿಯಲ್ಲಿ ಕಸ ತುಂಬಿದೆ ಅಥವಾ ನಾಲಿಗೆಯ ಬಾಗು ಕಡಿಮೆಯಾಗಿದೆ. ತುಂಬಾ ಜನ ಇಲ್ಲಿ ಕೀಲಿನ ಸ್ಕ್ರೂ ಬಿಗಿದು ಸುಮ್ಮನಾಗುತ್ತಾರೆ. ತಿಕ್ಕಾಟ ಹೆಚ್ಚಾಗಿ ಅಲಗು ನಿಂತ ಹಾಗೆ ಕಾಣುತ್ತದೆ. ಗುಂಡಿನ ದೋಷ ಹಾಗೇ ಇರುತ್ತದೆ. ಸ್ಕ್ರೂ ಒಂದು ದಿನ ಸಡಿಲ ಆದಾಗ ಅಲಗು ಜೇಬಿನ ಒಳಗೇ ತೆರೆದುಕೊಳ್ಳುತ್ತದೆ.

ಬೆನ್ನಿನ ಮೇಲೆ ಒತ್ತುವ ಲಾಕ್ ಇದ್ದರೆ, 1964ರಲ್ಲಿ ಬಂದ ಅಮೆರಿಕದ ಬಕ್ 110 ಅನ್ನುವ ಮಡಚು ಚಾಕು ಹೆಸರುವಾಸಿ ಮಾಡಿದ್ದು ಅದನ್ನೇ, ಬಹುಪಾಲು ದೋಷ ಬುಡದ ಕಚ್ಚಿನಲ್ಲಿ ತುಂಬಿದ ಕಸದ್ದು. ಹಲ್ಲುಕಡ್ಡಿಯಲ್ಲಿ ಕೆದಕಿ, ಮುಗಿಯಿತು.

ಬಾಯಿ ಒಂದೇ ಜಾಗದಲ್ಲಿ ಮೊಂಡಾಗುತ್ತಿದ್ದರೆ

ಸಾಣೆ ಹಿಡಿದು ನಾಲ್ಕು ದಿನಕ್ಕೆ ಅಲಗಿನ ಅದೇ ಜಾಗದಲ್ಲಿ ಸಣ್ಣ ಚಪ್ಪಟೆ ಚುಕ್ಕೆ ಹೊಳೆಯುತ್ತದಾ? ಮುಚ್ಚುವಾಗ ಬಾಯಿ ಹೋಗಿ ಸ್ಪ್ರಿಂಗ್ ಪಟ್ಟಿಗೆ ಬಡಿಯುತ್ತಿದೆ. ಬುಡದ ಆ ಮುಳ್ಳಿನ ಉಬ್ಬು ಸವೆದು ಅಲಗು ಬೇಕಾದ್ದಕ್ಕಿಂತ ಆಳಕ್ಕೆ ಹೋಗುತ್ತಿದೆ ಅಂತ ಅರ್ಥ. ಮುಚ್ಚುವಾಗ ಟಪ್ ಅಂತ ಬಿಡದೆ ಕೈಯಲ್ಲಿ ತಡೆದು ಕೂರಿಸಿ. ಇದರ ತದ್ವಿರುದ್ಧ, ಮುಚ್ಚಿದ ಮೇಲೂ ಮೊನೆ ಗಾಡಿಯಿಂದ ಹೊರಗೆ ಇಣುಕಿ ಜೇಬಿನಲ್ಲಿ ಚುಚ್ಚುವುದು. ಆಗ ಆ ಉಬ್ಬನ್ನು ನುಣುಪು ಅರದಲ್ಲಿ ಒಂದೆರಡು ಎಳೆತ ಉಜ್ಜಿದರೆ ಅಲಗು ಒಳಗೆ ಇಳಿಯುತ್ತದೆ. ಒಂದು ಎಳೆತ ಜಾಸ್ತಿಯಾದರೆ ಮೊದಲಿನ ರೋಗ ಶುರು. ನಾನು ಒಂದು ಚಾಕುವನ್ನು ಹೀಗೆ ಹಾಳು ಮಾಡಿದ ಮೇಲೆ ಕೈ ನಿಧಾನವಾಯಿತು.

ಸಾಣೆ ಮಾತು ಬಂತು. ಸೈಕಲ್ ಮೇಲೆ ಬರುವ ಸಾಣೆಯವರ ಒಣ ಚಕ್ರಕ್ಕೆ ಸಣ್ಣ ಅಲಗು ಕೊಡಬೇಡಿ. ತೆಳ್ಳಗಿನ ಬಾಯಿ ಬೇಗ ಕಾದು ನೀಲಿ ತಿರುಗುತ್ತದೆ, ಹದ ಹೋಗುತ್ತದೆ. ಅವರ ತಪ್ಪಲ್ಲ. ಆ ಚಕ್ರ ಕತ್ತಿ, ಈಳಿಗೆಮಣೆಗೆ ಸರಿ.

ಮುಚ್ಚುವ ಕೈ

ಎಲ್ಲ ಸರಿಯಿದ್ದರೂ ಮುಚ್ಚುವ ರೀತಿ ತಪ್ಪಾದರೆ ರಕ್ತ ಬರುತ್ತದೆ. ಹಿಡಿಯ ಎರಡು ಪಕ್ಕಗಳನ್ನು ಹೆಬ್ಬೆರಳು ಮತ್ತು ಉಳಿದ ಬೆರಳುಗಳ ನಡುವೆ ಹಿಡಿಯಿರಿ, ಗಾಡಿಯ ಬಾಯಿ ಪೂರ್ತಿ ಬರಿದಾಗಿ ಕಾಣಬೇಕು. ಇನ್ನೊಂದು ಕೈಯ ಅಂಗೈ ಅಲಗಿನ ಬೆನ್ನಿಗೆ. ಬೆರಳ ತುದಿಯಲ್ಲಿ ಹಿಡಿದು ಮಡಚಬೇಡಿ, ಅಂಗೈಯಲ್ಲಿ ತಳ್ಳಿ. ಕೊನೆಯ ಅರ್ಧ ಇಂಚಿಗೆ ಬಂದಾಗ ತಳ್ಳುವುದು ನಿಲ್ಲಿಸಿ ಜೊತೆಗೆ ಹೋಗಿ, ಸ್ಪ್ರಿಂಗ್ ತಾನೇ ಎಳೆದುಕೊಳ್ಳುತ್ತದೆ. ಲೈನರ್ ಲಾಕ್ ಆದರೆ ನಾಲಿಗೆ ಒತ್ತಿರುವ ಹೆಬ್ಬೆರಳು ಅಲಗಿನ ದಾರಿಯಲ್ಲೇ ಇರುತ್ತದೆ. ಅಲಗು ನಾಲಿಗೆಯನ್ನು ದಾಟಿದ ಕೂಡಲೇ ಹೆಬ್ಬೆರಳು ತೆಗೆದು, ಆಮೇಲೆ ಪೂರ್ತಿ ಮುಚ್ಚಿ. ತೊಡೆಗೆ ಒತ್ತಿ ಮುಚ್ಚುವ ಸಿನಿಮಾ ಶೈಲಿ ಬೇಡ.

ಕೊಯ್ದರೆ ಶುದ್ಧ ಬಟ್ಟೆಯಿಂದ ಒತ್ತಿ ಹಿಡಿದು ಕೈ ಮೇಲೆತ್ತಿ. ಅರಿಶಿನ, ಕಾಫಿಪುಡಿ ಮೆತ್ತಬೇಡಿ. ಬೆರಳು ಮಡಚಲು ಬರದಿದ್ದರೆ, ತುದಿ ಜೋಮು ಹಿಡಿದಿದ್ದರೆ ತಡಮಾಡದೆ ಆಸ್ಪತ್ರೆಗೆ. ಒಳಗಿನ ನರವೋ ಸ್ನಾಯುವಿನ ಹುರಿಯೋ ತುಂಡಾಗಿರಬಹುದು.

ಲಾಕ್ ಇಲ್ಲದ ಚಾಕು ಕೆಳದರ್ಜೆ ಅಂತ ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ಬ್ರಿಟನ್ನಿನಲ್ಲಿ ಕಾರಣ ಹೇಳದೆ ಹೊರಗೆ ಒಯ್ಯಬಹುದಾದದ್ದು 3 ಇಂಚಿಗೆ ಮೀರದ ಬಾಯಿಯ ಮಡಚು ಚಾಕು ಮಾತ್ರ. ಲಾಕ್ ಇದ್ದರೆ ಅದು ಆ ವಿನಾಯಿತಿಗೆ ಸೇರುವುದಿಲ್ಲ. ಅಲ್ಲಿರುವ ನಮ್ಮವರಿಗೆ ಊರಿಂದ ಉಡುಗೊರೆ ಒಯ್ಯುವಾಗ ಇದು ನೆನಪಿರಲಿ. ವಿಮಾನದಲ್ಲಿ ಕೈಚೀಲಕ್ಕೆ ಹಾಕಬೇಡಿ ಅಂತ ಬೇರೆ ಹೇಳಬೇಕಾ? ನನ್ನ ತಮ್ಮ ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಒಂದನ್ನು ಬಿಟ್ಟು ಬಂದ. ಹೇಳಿದರೆ ಇವತ್ತಿಗೂ ಮುಖ ಸಪ್ಪೆ.

ಪೈಪಿಗೆ ಊರಿದ ಆ ಚಾಕು ಈಗಲೂ ಇದೆ. ತೊಳೆದು, ಒಂದು ಹನಿ ಎಣ್ಣೆ ಬಿಟ್ಟು, ಒದರುವ ಪರೀಕ್ಷೆ ಮಾಡಿ ಜೇಬಿಗೆ ಹಾಕಿಕೊಳ್ಳುತ್ತೇನೆ. ಹನಿ ನೀರಾವರಿಯ ಪಂಚ್‌ಗೆ ದಾರ ಕಟ್ಟಿ ಪಂಪ್‌ಹೌಸಿನ ಮೊಳೆಗೆ ನೇತುಹಾಕಿದ್ದೇನೆ.